ತಳ ಕಂಡ್ತಾ?

ಗಾಜಣ್ಣನ ಸೊಂಟ ನಿಜವಾಗಿ ಹಿಡಿದುಕೊಂಡದ್ದು ಸಂಜೆಯ ಹೊತ್ತಿಗೆ. ಬೆಳಿಗ್ಗೆ ಅವನು ಅಂಗಡಿಗೆ ಫೋನು ಮಾಡಿ, "ಸೊಂಟ ಉಳುಕಿದೆ ಯಜಮಾನ್ರೇ, ಏಳೋಕೇ ಆಗ್ತಿಲ್ಲ" ಎಂದು ನರಳಿದ್ದು ಅಪ್ಪಟ ಸುಳ್ಳು. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗಾಜು ಉಜ್ಜುವ ಕೆಲಸ ಅವನದು. ಗಾಜಣ್ಣ ಎಂಬ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ನರಳಾಟ ಸ್ವಲ್ಪ ಜಾಸ್ತಿಯಾಯಿತು. ಆ ಕಡೆಯಿಂದ ಯಜಮಾನರು, "ಅಯ್ಯೋ, ಅಷ್ಟೊಂದಾ?" ಎಂದು ಗಾಬರಿಯಾದರು. ಅಲ್ಲಿಂದಲೇ ಶುರುವಾಯಿತು ಅವನ ಗ್ರಹಚಾರ.

ಇಷ್ಟಕ್ಕೆಲ್ಲ ಕಾರಣ ಒಂದು ಬಾವಿ. ಅದೂ ಕಂಪ್ಯೂಟರಿನೊಳಗಿನ ಬಾವಿ.

ಯಾರೋ ಒಬ್ಬನೇ ಮನುಷ್ಯ ತನ್ನ ಕೋಣೆಯಲ್ಲಿ ಕೂತು ಮಾಡಿದ ಪುಟ್ಟ ಆಟ ಅದು. ಮೌಸು ಒತ್ತಿದರೆ ಕೊಡ ಇಳಿಯುತ್ತದೆ, ಇನ್ನೊಮ್ಮೆ ಒತ್ತಿದರೆ ನೀರು ಹೊತ್ತು ಮೇಲೆ ಬರುತ್ತದೆ. ನೀರು ಕೂಡಿಟ್ಟರೆ ಉದ್ದನೆಯ ಹಗ್ಗ ಸಿಗುತ್ತದೆ, ಆಮೇಲೆ ರಾಟೆ, ರಾಟೆಗೆ ಎಣ್ಣೆ, ದೊಡ್ಡ ಕೊಡ, ಇನ್ನೂ ದೊಡ್ಡ ಕೊಡ. ಮೂಲೆಯಲ್ಲಿ ಅಂಕಿ ಏರುತ್ತಾ ಹೋಗುತ್ತದೆ. ಅಷ್ಟೇ ಆಟ. ಅದನ್ನು ಆಡುವವರನ್ನೆಲ್ಲ ಹುಡುಕಿ ತಂದರೆ ಪಾರ್ಕಿನ ಒಂದೇ ಬೆಂಚಿನಲ್ಲಿ ಕೂರಿಸಬಹುದಿತ್ತು. ಆದರೂ ಅವರಿಗೆಂದೇ ಇಂಟರ್‌ನೆಟ್ಟಿನಲ್ಲಿ ಒಂದು ಹರಟೆಕಟ್ಟೆ ಇತ್ತು, ಆ ಕಟ್ಟೆಯ ಮೇಲೆ ಗಾಜಣ್ಣನ ಮಾತೆಂದರೆ ಮಾತು.

"ದೊಡ್ಡ ಆಟಗಳು ಬಸ್ ನಿಲ್ದಾಣದ ಹಾಗೆ. ಎಷ್ಟು ಜನ ಸೇರಿದರೂ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಪುಟ್ಟ ಆಟ ಗೆಳೆಯನ ಕೋಣೆ. ಚಪ್ಪಲಿ ಬಿಡುವಾಗಲೇ ಅವನು ಇವತ್ತು ಯಾವ ಮೂಡಿನಲ್ಲಿದ್ದಾನೆಂದು ತಿಳಿಯುತ್ತದೆ" ಎಂದು ಒಮ್ಮೆ ಬರೆದಿದ್ದ. "ಈಗಿನ ಅಂಕಿ ಏರಿಸುವ ಆಟಗಳಿಗೆ ನಾಚಿಕೆಯಿಲ್ಲ. ದಿನಾ ಬಾ, ಉಡುಗೊರೆ ಕೊಡ್ತೀನಿ ಎಂದು ಗೋಗರೆಯುತ್ತವೆ. ಬಾವಿ ಒಂದು ದಿನವೂ ನನ್ನನ್ನು ಕರೆದಿಲ್ಲ. ಅದಕ್ಕೇ ನಾನು ದಿನಾ ಹೋಗುತ್ತೇನೆ" ಎಂದು ಇನ್ನೊಮ್ಮೆ. ಎಲ್ಲಕ್ಕಿಂತ ಖಡಾಖಂಡಿತವಾಗಿ ಅವನು ಹೇಳುತ್ತಾ ಬಂದದ್ದು ಒಂದು ಮಾತು: ಆ ಬಾವಿಗೆ ತಳವಿಲ್ಲ, ತಳವಿಲ್ಲದಿರುವುದೇ ಅದರ ಸೊಗಸು.

ಹೋದ ವಾರ ಆಟ ಮಾಡಿದ ಮನುಷ್ಯನೇ ಎಷ್ಟೋ ವರ್ಷದ ಮೇಲೆ ಕಟ್ಟೆಗೆ ಬಂದು ಎರಡು ಸಾಲು ಬರೆದು ಮಾಯವಾದ. "ತಳ ಇದೆ. ಒಂದು ಹಗಲು ಪೂರ್ತಿ ಯಾರೂ ಮುಟ್ಟದಿದ್ದರೆ ನೀರು ತಿಳಿಯಾಗುತ್ತದೆ. ಮೌಸು ಕೂದಲೆಳೆಯಷ್ಟು ಅಲುಗಿದರೂ ಮತ್ತೆ ಮೊದಲಿನಿಂದ."

ಓದಿ ಗಾಜಣ್ಣನಿಗೆ ಸಿಟ್ಟೇ ಬಂತು. ತಾನು ದಿನಾ ಆಟ ತೆರೆದಿಟ್ಟೇ ಅಂಗಡಿಗೆ ಹೋಗುತ್ತೇನೆ, ಹಗಲೆಲ್ಲ ಬಾವಿ ತನ್ನ ಪಾಡಿಗೆ ತಾನಿರುತ್ತದೆ, ಮುಟ್ಟುವವರು ಯಾರಿದ್ದಾರೆ? ಸಂಜೆ ಬಂದು ನೋಡಿದರೆ ಯಾವಾಗಲೂ ಅದೇ ಕಲಕಿದ ನೀರು. ಬಹುಶಃ ಬೀದಿಯಲ್ಲಿ ಹೋಗುವ ಲಾರಿಗಳಿಗೆ ಮೇಜು ನಡುಗುತ್ತಿರಬೇಕು ಎಂದುಕೊಂಡ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಬಾವಿಯ ಪಕ್ಕದಲ್ಲಿ ಅಪ್ಪ ಇದ್ದರು. ನಿವೃತ್ತರಾದ ಮೇಲೆ ಅಪ್ಪ ದಿನಾ ಸಂಜೆ ಕಂಪ್ಯೂಟರಿನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. "ತಳ ಕಂಡ್ತಾ?" ಎಂದು ಕೇಳುತ್ತಿದ್ದರು. "ಇಲ್ಲಪ್ಪ" ಎನ್ನುತ್ತಿದ್ದ ಗಾಜಣ್ಣ. "ಹಾಗಾದ್ರೆ ಸೇದು" ಎನ್ನುತ್ತಿದ್ದರು. ಅಪ್ಪ ಮಗನ ನಡುವೆ ಬೇರೆ ಮಾತು ಹೆಚ್ಚೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊಡ ನೀರಿಗೆ ಬಡಿಯುವ ಆ 'ಡುಬ್' ಸದ್ದನ್ನು ಇಬ್ಬರೂ ಕೇಳಿಸಿಕೊಂಡು ಊಟದ ತನಕ ಕೂತಿರುತ್ತಿದ್ದರು. ಅಪ್ಪ ಹೋದ ಮೇಲೂ ಸ್ಟೂಲು ಅಲ್ಲೇ ಇತ್ತು. ಅಪ್ಪನ ಪರವಾಗಿ ಒಂದು ಸಲ ಆ ತಳ ನೋಡಬೇಕು ಎನ್ನುವುದು ಗಾಜಣ್ಣನ ಆಸೆಯಾಗಿತ್ತು.

ಇವತ್ತು ಬಿಟ್ಟರೆ ದಿನವಿರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿದು ಕೊಡುವ ಅವನ ಹೆಂಡತಿಗೆ ಸಂಜೆ ಹೊಸ ಹೊಲಿಗೆ ಯಂತ್ರ ಬರುವುದಿತ್ತು.

"ಯಂತ್ರ ಬರತ್ತೆ, ಡಬ್ಬ ಹೋಗತ್ತೆ. ಇರೋದು ಒಂದೇ ಮೇಜು" ಎಂದು ಅವಳು ಹೇಳಿಯಾಗಿತ್ತು. ಹಳೆ ಕಂಪ್ಯೂಟರನ್ನು ಬಿಡಿಭಾಗಕ್ಕೆ ಒಯ್ಯುವವನನ್ನೂ ಗೊತ್ತುಮಾಡಿದ್ದಳು. ಹೊಸ ಕಂಪ್ಯೂಟರುಗಳಲ್ಲಿ ಆ ಮುದಿ ಆಟ ತೆರೆದುಕೊಳ್ಳುವುದೇ ಇಲ್ಲ. ತಪ್ಪು ಅವಳದೇನಲ್ಲ, ಇಷ್ಟು ವರ್ಷ ಹಾಸಿಗೆಯ ತುದಿಯಲ್ಲಿ ಕೂತು ಹೊಲಿದಿದ್ದಳು.

ಹೀಗಾಗಿ ಬೆಳಿಗ್ಗೆ ಅಮ್ಮ ತನ್ನ ಮಗಳ ಮನೆಗೆ, ಹೆಂಡತಿ ನೂಲು ಗುಂಡಿ ತರಲು ಪೇಟೆಗೆ ಹೊರಟ ಕೂಡಲೇ ಗಾಜಣ್ಣ ಕೆಲಸಕ್ಕಿಳಿದ. ಮೇಜಿನ ಕಾಲಿಗೆ ಹಳೆ ಪೇಪರು ಮಡಿಸಿ ಇಟ್ಟ. ಮೌಸಿನ ಮೇಲೆ ಅಡುಗೆಮನೆಯ ದೊಡ್ಡ ಬೋಗುಣಿ ಬೋರಲು ಹಾಕಿದ. ಎದುರಿನ ಮಂಚದ ಮೇಲೆ, ಯಾರಾದರೂ ಬಂದರೆ ಇರಲಿ ಎಂದು, ರೋಗಿಯ ಹಾಗೆ ಹೊದ್ದು ಮಲಗಿ ಬಾವಿಯನ್ನೇ ನೋಡತೊಡಗಿದ.

ಮೊದಲು ಬಂದವರು ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು. ಜೀವನವಿಡೀ ಶಾಲೆಯ ಮಕ್ಕಳನ್ನು ಓಡಿಸಿದ ಅವರು ನಡೆದರೆ ಈಗಲೂ ಕಪಾಟಿನ ಲೋಟಗಳು ಮಾತಾಡುತ್ತವೆ.

"ಮೆಟ್ಟಿಲ ಹತ್ರ ನಿಮ್ಮನೆಯವರು ಸಿಕ್ಕಿದ್ರು. ಸೊಂಟವಂತೆ! ನನಗೊಂದು ಮಾತು ಹೇಳ್ಬಾರ್ದಾ?"

"ಮೆತ್ತಗೆ ನಡೀರಿ ಮೇಷ್ಟ್ರೇ" ಎಂದ ಗಾಜಣ್ಣ ದೀನನಾಗಿ.

"ಛೆ ಛೆ, ಹೆಜ್ಜೆ ಸದ್ದಿಗೂ ನೋಯ್ತಾ ಇದೆ ಅಂದ್ರೆ ಭಾರೀ ಉಳುಕೇ ಇದು." ಮೇಷ್ಟ್ರ ಕಣ್ಣು ಬೋಗುಣಿಯ ಮೇಲೆ ಬಿತ್ತು. "ಇದೇನು, ಜಿರಳೆ ಮುಚ್ಚಿಟ್ಟಿದ್ದೀರಾ? ಪಾಪ, ಹೊಡೆಯೋಕೂ ಬಗ್ಗಕ್ಕಾಗಿಲ್ಲ." ಎನ್ನುತ್ತಲೇ ಒಂದು ಕೈಯಲ್ಲಿ ಚಪ್ಪಲಿ ಎತ್ತಿ, ಇನ್ನೊಂದು ಕೈಯನ್ನು ಬೋಗುಣಿಗೆ ಹಾಕಿದರು.

"ಅಯ್ಯಯ್ಯೋ ಸೊಂಟ!" ಗಾಜಣ್ಣ ಕಿರುಚಿದ ಕಿರುಚಾಟಕ್ಕೆ ಮೇಷ್ಟ್ರು ಚಪ್ಪಲಿ ಬಿಸಾಕಿ ಮಂಚಕ್ಕೆ ಹಾರಿದರು. ಜಿರಳೆ ಬಚಾವಾಯಿತು, ಗಾಜಣ್ಣ ಸಿಕ್ಕಿಬಿದ್ದ. ಅವನನ್ನು ಬೋರಲು ಕೆಡವಿ, ಮೊಣಕಾಲನ್ನು ಬೆನ್ನಿಗೂರಿ, ಕಾಲೆರಡನ್ನೂ ಹಿಡಿದೆತ್ತಿ ಮೇಷ್ಟ್ರು ಚಿಕಿತ್ಸೆ ನಡೆಸಿದರು. ದಿಂಬಿನಲ್ಲಿ ಮುಖ ಹುದುಗಿದ್ದ ಗಾಜಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ಆ ನೀರು ಅಲುಗ್ತಾ ಇದೆಯಾ?"

"ಯಾವ ನೀರು?"

ವಿಧಿಯಿಲ್ಲದೆ ಬಾವಿಯ ಕತೆ ಹೇಳಬೇಕಾಯಿತು. ಅಪ್ಪನ ವಿಷಯವನ್ನೂ ಹೇಳಿದ. ಮೇಷ್ಟ್ರು ಅವನ ಕಾಲು ಬಿಟ್ಟು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು. ನೀರು ಹಸಿರಿನಿಂದ ನೀಲಿಗೆ ತಿರುಗಿತ್ತು. ಸಣ್ಣ ಅಲೆಯೊಂದು ಗೋಡೆಗೆ ತಾಗಿ ನಿಧಾನಕ್ಕೆ ಸತ್ತಿತು.

"ಇದರಲ್ಲಿ ನಾವೇನು ಮಾಡ್ಬೇಕು?"

"ಏನೂ ಮಾಡ್ಬಾರ್ದು."

"ಇಷ್ಟು ವರ್ಷ ಸರ್ವೀಸಿನಲ್ಲಿ ನಾನು ಯಾರಿಗೂ ಹೇಳದ ವ್ಯಾಯಾಮ ಇದು" ಎಂದು ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ಅಪ್ಪನ ಸ್ಟೂಲು. ಯಾಕೋ ಗಾಜಣ್ಣನಿಗೆ ಬೇಡ ಎನ್ನಲಾಗಲಿಲ್ಲ.

ಮಧ್ಯಾಹ್ನ ಕಳೆದು ಸಂಜೆಯಾಗುತ್ತಿದ್ದಾಗ ಅಂಗಡಿಯ ಯಜಮಾನರು ಒಂದು ಚೀಲ ಕಿತ್ತಳೆ ಹಿಡಿದು ಬಂದರು. ಯಜಮಾನರು ಒಳ್ಳೆಯವರೇ, ಆದರೆ ಉರಿಯುವ ದೀಪ ಕಂಡರೆ ಆರಿಸದೆ ಇರಲಾರರು. ಅಂಗಡಿಯಲ್ಲಿ ಗಿರಾಕಿ ಕಣ್ಣುಪರೀಕ್ಷೆಗೆ ಕೂತಿರುವಾಗಲೇ ದೀಪ ಆರಿಸಿ, ಅಕ್ಷರ ಕಾಣದವನಿಗೆ ದಪ್ಪ ಗಾಜು ಬರೆದುಕೊಟ್ಟ ಪ್ರಸಂಗವೂ ಇದೆ.

"ಮಲ್ಕೋ ಮಲ್ಕೋ, ಏಳ್ಬೇಡ" ಎನ್ನುತ್ತಾ ಅವರು ಚೀಲವನ್ನು ಮೇಜಿನ ಅಂಚಿಗಿಟ್ಟರು. ಚೀಲ ವಾಲಿತು. ಒಂದು ಕಿತ್ತಳೆ ಹೊರಬಿದ್ದು, ಯಾವ ಅವಸರವೂ ಇಲ್ಲದ ಹಾಗೆ ಉರುಳುತ್ತಾ ಬೋಗುಣಿಯ ಕಡೆ ಹೊರಟಿತು. ಮೇಷ್ಟ್ರು ಸ್ಟೂಲಿನಿಂದಲೇ ಹಾರಿ ಅದನ್ನು ಅಂಗೈಯಲ್ಲಿ ಹಿಡಿದರು.

"ಏನ್ರೀ ಇದು, ಹಣ್ಣು ಬಿದ್ರೆ ಬೀಳ್ಲಿ" ಎಂದ ಯಜಮಾನರು ಪರದೆ ನೋಡಿ, "ಅಲ್ಲಯ್ಯಾ, ನೀನು ಮಲಗಿದ್ದೀಯ, ಇದು ಯಾರಿಗೆ ಉರೀತಾ ಇದೆ? ಕರೆಂಟು ದಂಡ" ಎಂದು ಗೋಡೆಯ ಸ್ವಿಚ್ಚಿಗೆ ಕೈ ಚಾಚಿದರು.

ಗಾಜಣ್ಣ ಹಾರಿದ. ಹೊದಿಕೆಯ ಸಮೇತ ಮಂಚದಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಹಾರಿ ಯಜಮಾನರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಆ ಕ್ಷಣದಲ್ಲೇ ಅವನ ಸೊಂಟದಲ್ಲಿ 'ಕಟಕ್' ಎಂದಿತು.

"ನೋಡಿದ್ರಾ!" ಮೇಷ್ಟ್ರು ಎದೆಯುಬ್ಬಿಸಿದರು. "ಬೆಳಿಗ್ಗೆ ನಾನು ಕೊಟ್ಟ ಚಿಕಿತ್ಸೆ!"

"ನೋಡಿದೆ" ಎಂದರು ಯಜಮಾನರು ತಣ್ಣಗೆ. "ಏಳೋಕೇ ಆಗ್ತಿಲ್ಲ ಅಂದಿದ್ದೆ ಅಲ್ವಾ?"

"ಈಗ ನಿಜವಾಗ್ಲೂ ಹಿಡ್ಕೊಂಡಿದೆ ಯಜಮಾನ್ರೇ" ಎಂದ ಗಾಜಣ್ಣ, ಬಗ್ಗಿದವನು ಬಗ್ಗಿದಂತೆಯೇ. ಇಡೀ ದಿನದಲ್ಲಿ ಸೊಂಟದ ಬಗ್ಗೆ ಅವನು ನಿಜ ಹೇಳಿದ್ದು ಅದೊಂದೇ ಮಾತು, ಅದನ್ನು ಇಬ್ಬರೂ ನಂಬಲಿಲ್ಲ.

ಬಾವಿಯ ಕತೆ ಎರಡನೇ ಸಲ ಹೇಳಬೇಕಾಯಿತು. ಈ ಸಲ ಅರ್ಧ ಭಾಗ ಮೇಷ್ಟ್ರೇ ಹೇಳಿದರು. ಯಜಮಾನರು ಹೊರಡುವುದಾಗಿ ಹೇಳುತ್ತಲೇ ಮಂಚದ ತುದಿಯಲ್ಲಿ ಕೂತರು, ಒಂದು ಕಿತ್ತಳೆ ಸುಲಿದರು, ಮತ್ತೆ ಏಳಲಿಲ್ಲ. ಹೆಂಡತಿ ಪೇಟೆಯಿಂದ ಬಂದು, ಮೂವರು ಗಂಡಸರು ಬಾಯಿ ಮುಚ್ಚಿಕೊಂಡು ಕೂತಿರುವ ಅಪರೂಪದ ದೃಶ್ಯ ಕಂಡು ಬಾಗಿಲಲ್ಲೇ ನಿಂತಳು. ಏನೆಂದು ತಿಳಿದ ಮೇಲೆ ಅವಳೂ ಚೀಲವನ್ನು ಸದ್ದಾಗದ ಹಾಗೆ ಕೆಳಗಿಟ್ಟಳು.

"ತಳದಲ್ಲಿ ಬಂಗಾರ ಇರತ್ತೆ" ಎಂದು ಪಿಸುಗುಟ್ಟಿದರು ಯಜಮಾನರು.

"ಪುಟ್ಟ ಆಟದೋರು ಬಂಗಾರ ಇಡಲ್ಲ" ಎಂದ ಗಾಜಣ್ಣ. "ಏನಾದ್ರೂ ಸಣ್ಣದು ಇಟ್ಟಿರ್ತಾರೆ. ಅವರ ಮನೇದೇ ಏನೋ ಒಂದು."

ಹೊರಗೆ ಬೆಳಕು ಇಳಿಯಿತು. ನೀರು ನೀಲಿಯಿಂದ ಕಡುನೀಲಿಗೆ ಬಂತು. ಬಾವಿಯ ಒಳಗೋಡೆಯ ಕಲ್ಲುಗಳು, ಗಾಜಣ್ಣ ಯಾವತ್ತೂ ನೋಡಿರದ ಕಲ್ಲುಗಳು, ಒಂದರ ಕೆಳಗೊಂದು ಮೂಡುತ್ತಾ ಹೋದವು. ಅಪ್ಪ ಇದ್ದಿದ್ದರೆ ಈಗ ಮುಂದಕ್ಕೆ ಬಾಗಿ ಕೂರುತ್ತಿದ್ದರು ಎಂದುಕೊಂಡ.

ಅಷ್ಟರಲ್ಲಿ ಪರದೆ ಪೂರ್ತಿ ಕಪ್ಪಾಯಿತು.

ಒಂದು ಬೆಳಕಿನ ಚುಕ್ಕೆಯೂ ಇಲ್ಲ. ಗಾಜಣ್ಣ ಗಾಬರಿಯಾದ. ಹೋಯಿತು, ಮುದಿ ಯಂತ್ರ ಕೊನೆಗೂ ಸತ್ತಿತು, ಅಪ್ಪ ಕೂತಿದ್ದ ಬಾವಿ ಹೋಯಿತು. ಬಗ್ಗಿದ ಸೊಂಟದಲ್ಲೇ ಓಡಿ ಬೋಗುಣಿ ಎತ್ತಿ ಬಿಸಾಡಿ ಮೌಸನ್ನು ಹಿಡಿದು ಗಡಗಡ ಅಲ್ಲಾಡಿಸಿದ.

ಪರದೆ ಬೆಳಗಿತು. ಬಾವಿ ಬಂತು. ಅಂಚಿನಿಂದ ಅಂಚಿಗೆ ಕಲಕಿದ ಹಸಿರು ನೀರು.

"ಏನ್ರೀ ಮಾಡಿದ್ರಿ!" ಎಂದಳು ಹೆಂಡತಿ. ಯಜಮಾನರು ಹಣೆ ಚಚ್ಚಿಕೊಂಡರು. ಮೇಷ್ಟ್ರು ಮೂಲೆಯಲ್ಲಿದ್ದ ತಮ್ಮ ಚಪ್ಪಲಿಯ ಕಡೆ ನೋಡಿದರು.

"ಸರಿಯಾಗೇ ಮಾಡ್ದ ಬಿಡಿ" ಎಂಬ ದನಿ ಬಾಗಿಲಿಂದ ಬಂತು. ಮಗಳ ಮನೆಯಿಂದ ಬಂದ ಅಮ್ಮ ಚಪ್ಪಲಿ ಬಿಡುತ್ತಿದ್ದಳು. "ನಾನಿಲ್ಲದ ದಿನ ಯಾರು ಅಲ್ಲಾಡಿಸ್ತಾರೋ ಅಂತ ದಾರಿಯುದ್ದಕ್ಕೂ ಯೋಚನೆ ಆಗಿತ್ತು."

ಗಾಜಣ್ಣ ನಿಧಾನವಾಗಿ ತಿರುಗಿದ. "ಏನಮ್ಮ ಅಂದೆ?"

"ದಿನಾ ಸಂಜೆ ನೀನು ಬರೋಕೆ ಸ್ವಲ್ಪ ಮುಂಚೆ ಅದು ಕಪ್ಪಾಗತ್ತಲ್ಲ. ನಾನು ಮೌಸು ಅಲ್ಲಾಡಿಸಿ ಸರಿಮಾಡಿ ಇಡ್ತೀನಿ."

"ದಿನಾ?"

"ಮತ್ತೆ? ನಿಮ್ಮಪ್ಪ ಒಪ್ಪಿಸಿ ಹೋದ ಕೆಲಸ." ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. "ಮೊದಲ ಸಲ ಕಪ್ಪಾದಾಗ ಕೆಟ್ಟೋಯ್ತು ಅಂತ ಅಲ್ಲಾಡಿಸೋಕೆ ಹೋದೆ. ನಿಮ್ಮಪ್ಪ 'ತಡಿ' ಅಂತ ಕೈ ಹಿಡ್ಕೊಂಡ್ರು. ಸ್ವಲ್ಪ ಹೊತ್ತಿಗೆ ಕೆಳಗಿಂದ ಬೆಳ್ಳಗೆ ಏನೋ ಮೇಲೆ ಬಂತು. ಅವರು ಅದನ್ನ ನೋಡಿ ನಕ್ರು ನೋಡು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು. ಆಮೇಲೆ ತಾವೇ ಅಲ್ಲಾಡಿಸಿ ಕಲಕಿಬಿಟ್ರು. 'ಅವನು ತಳ ನೋಡಿಬಿಟ್ರೆ ಆಟ ಮುಗೀತು. ಆಮೇಲೆ ನನ್ನ ಪಕ್ಕ ಯಾಕೆ ಕೂರ್ತಾನೆ? ಅವನು ಬರೋಷ್ಟರಲ್ಲಿ ದಿನಾ ಒಂದು ಸಲ ಕಲಕಿಬಿಡೋಣ, ಹೇಳ್ಬೇಡ' ಅಂದ್ರು."

ಅಷ್ಟು ಸಂಜೆ "ತಳ ಕಂಡ್ತಾ?" ಎಂದು ಏನೂ ಅರಿಯದವರ ಹಾಗೆ ಕೇಳುತ್ತಿದ್ದ ಅಪ್ಪನ ಮುಖ ಗಾಜಣ್ಣನ ಕಣ್ಣೆದುರು ಬಂತು. ಅಳುವುದೋ ನಗುವುದೋ ತಿಳಿಯದೆ ಅವನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಎರಡಕ್ಕೂ ಸೊಂಟ ನೋಯಿತು.

"ಅಮ್ಮಾ, ತಳದಲ್ಲಿ ಏನಿತ್ತು?" ಎಂದು ಕೇಳಿದ. ಹೆಂಡತಿ, ಮೇಷ್ಟ್ರು, ಯಜಮಾನರು ಮೂವರೂ ಮುಂದಕ್ಕೆ ಬಾಗಿದರು.

"ನನಗೇನು ಗೊತ್ತು? ಕನ್ನಡಕ ಒಡೆದು ಕೂತಿದ್ದೆ ಆಗ. ನಾಳೆ ಮಾಡ್ಕೊಡ್ತೀನಿ, ನಾಳೆ ಮಾಡ್ಕೊಡ್ತೀನಿ ಅಂತ ನೀನು ಇವತ್ತಿಗೂ ಮಾಡ್ಕೊಟ್ಟಿಲ್ಲ."

ಯಜಮಾನರು ತಮ್ಮ ಕೆಲಸಗಾರನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಹೊಲಿಗೆ ಯಂತ್ರ ಬಂದಿತ್ತು. ಹೊತ್ತು ತಂದವರು, "ಎಲ್ಲಿ ಇಡೋದಮ್ಮ?" ಎಂದು ಕೇಳಿದರು. ಹೆಂಡತಿ ಯಂತ್ರ ನೋಡಿದಳು, ಬಾವಿ ನೋಡಿದಳು, ಬಗ್ಗಿ ನಿಂತ ಗಂಡನನ್ನು ನೋಡಿದಳು.

"ಹಾಸಿಗೆ ಪಕ್ಕದಲ್ಲೇ ಇಡಿ" ಎಂದಳು. "ಆ ಡಬ್ಬ ಒಯ್ಯೋನಿಗೆ ನಾಡಿದ್ದು ಬಾ ಅಂತೀನಿ. ನಾಳೆ ಒಂದು ದಿನ ನೋಡೋಣ."

"ನಾಳೆ ನಾನು ಕಣ್ಣು ಮಿಟುಕಿಸಲ್ಲ" ಎಂದ ಗಾಜಣ್ಣ.

"ನಾಳೆ ನೀನು ಅಂಗಡೀಲಿರ್ತೀಯ" ಎಂದರು ಯಜಮಾನರು. "ಸೊಂಟ ಎಷ್ಟು ಗಟ್ಟಿ ಇದೆ ಅಂತ ಕಣ್ಣಾರೆ ನೋಡಿದ್ದೀನಿ. ಮೊದಲ ಕೆಲಸ ನಿಮ್ಮಮ್ಮನ ಕನ್ನಡಕ. ಅಂಗಡಿ ತೆಗೆದಾಗಿಂದ ನಾನೊಂದು ರಜೆ ತಗೊಂಡಿಲ್ಲ, ನಾಳೆ ತಗೋತೀನಿ. ನಾನೂ ಮೇಷ್ಟ್ರೂ ಇಲ್ಲಿ ಕಾವಲು ಕೂರ್ತೀವಿ."

"ತಳ ಕಂಡ್ರೆ ನನಗೆ ಫೋನು ಮಾಡ್ತೀರಾ?"

ಯಜಮಾನರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಅಮ್ಮನ ಮುಖ ನೋಡಿದರು. "ಅದು ಆಗ ನೋಡೋಣ" ಎಂದರು.

ಎಲ್ಲರೂ ಹೋದ ಮೇಲೆ ಗಾಜಣ್ಣ ಗೋಡೆ ಹಿಡಿದು ಬಂದು ಅಪ್ಪನ ಸ್ಟೂಲಿನಲ್ಲಿ ಕೂತ. ಹೇಗೂ ಇವತ್ತಿನ ನೀರು ಕಲಕಿಯಾಗಿತ್ತು. ಮೌಸು ಒತ್ತಿದ. ಕೊಡ ಇಳಿದು ಡುಬ್ ಎಂದಿತು.

ಅಮ್ಮ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು. "ತಳ ಕಂಡ್ತಾ?" ಎಂದು ಕೇಳಿದಳು.

"ಇಲ್ಲಮ್ಮ."

"ಹಾಗಾದ್ರೆ ಸೇದು."