ಎಲೆ ನೋಡದ ಭಾವ

ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ತಮ್ಮ ಎಲೆ ನೋಡಿ ಇಸ್ಪೀಟು ಆಡಿದ್ದನ್ನು ಇಡೀ ಸೊರಬ ತಾಲ್ಲೂಕಿನಲ್ಲಿ ಕಂಡವರಿಲ್ಲ! ಮೂರೆಲೆ ಆಟದಲ್ಲಿ ಎಲ್ಲರೂ ಎರಡು ಸುತ್ತು ಎಲೆ ನೋಡದೆ ಬ್ಲೈಂಡ್ ಆಡಿ, ಮೂರನೆಯದಕ್ಕೆ ಕಳ್ಳಬೆಕ್ಕಿನಂತೆ ಎಲೆಯ ಮೂಲೆ ಎತ್ತುತ್ತಾರೆ. ಭಾವ ಮಾತ್ರ ಎಲೆಗಳ ಮೇಲೆ ಅಂಗೈ ಊರಿ ಕೊನೆತನಕ ಕೂರುತ್ತಾರೆ. ಪಣಕ್ಕಿಡುವುದು ಹುಣಸೆಬೀಜವೇ ಆದರೂ ಶಿಸ್ತಿಗೇನೂ ಕಡಿಮೆಯಿಲ್ಲ. "ಇಣುಕೋದಾದ್ರೆ ಆಡೋದ್ಯಾಕೆ ಮಾರಾಯ?"

ನಾನೋ, ಬಸ್ಸು ಹತ್ತಿ ಕೂತ ಮೇಲೂ ಬೋರ್ಡು ನೋಡಲು ಇಳಿಯುವವನು!

ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗಲೂ ಭಾವ ತಲೆ ಎತ್ತಲಿಲ್ಲವಂತೆ. ಎರಡು ತಟ್ಟೆ ಉಪ್ಪಿಟ್ಟು ಮುಗಿಸಿ "ನಂಗೆ ಒಪ್ಗೆ" ಎಂದರಂತೆ. ಮೂರೆಲೆಯಲ್ಲಿ ಎಲೆ ನೋಡಿದವರು, ನೋಡದವರ ಎರಡರಷ್ಟು ಕಟ್ಟಬೇಕೆಂಬ ನಿಯಮವಿದೆ. ಅಕ್ಕ ಈಗಲೂ ಹೇಳುತ್ತಾಳೆ: "ಇವ್ರು ಬ್ಲೈಂಡು. ಬಾಗಿಲ ಸಂದೀಲಿ ನೋಡಿದ್ದು ನಾನು. ಅದಕ್ಕೇ ಇವತ್ತಿಗೂ ಡಬಲ್ ಕಟ್ತಾ ಇದೀನಿ!"

ಮೊನ್ನೆ ನೆಂಟರ ಮದುವೆಗೆಂದು ಗೋವಾಕ್ಕೆ ಹೋದಾಗ ಭಾವ ನನ್ನನ್ನು ಹಡಗಿನ ಕ್ಯಾಸಿನೋಗೆ ಎಳೆದೊಯ್ದರು. ನನ್ನ ಕುತ್ತಿಗೆಯಲ್ಲಿ ಆಗಷ್ಟೇ ಕಡಲೆಕಾಳಿನಷ್ಟು ಗಂಟೊಂದು ಕಾಣಿಸಿಕೊಂಡಿತ್ತು. ಕೈಯಲ್ಲಿ ಅದನ್ನು ಒತ್ತುತ್ತ, ಕಣ್ಣಲ್ಲಿ ಲೈಫ್ ಜಾಕೆಟ್ ಎಣಿಸುತ್ತ ನಾನು ಹಿಂದೆ ನಿಂತೆ. ಭಾವ ಪೋಕರ್ ಮೇಜಿಗೆ ಕೂತರು. ಅಲ್ಲಿ ಬ್ಲೈಂಡ್ ಎಂದರೆ, ಎಲೆ ಹಂಚುವ ಮುನ್ನವೇ ಇಬ್ಬರು ಸರದಿಯಂತೆ ಕಟ್ಟಲೇಬೇಕಾದ ಪಣ.

"ಇದೇನೋ, ಬ್ಲೈಂಡಿಗೂ ಕರೆಂಟಿನ ಹಂಗೆ ಪಾಳಿ!"

ಎಲೆ ಬಂತು, ಅಂಗೈ ಊರಿತು. ನೋಡಬಹುದೆಂದು ಹಂಚುವ ಹುಡುಗಿ ಸನ್ನೆ ಮಾಡಿದಳು. "ಇರ್ಲಿ ತಂಗಿ, ಎಲ್ಲಿಗೆ ಓಡಿಹೋಗ್ತವೆ?" ಎದುರಿನ ಕರಿಕನ್ನಡಕದವನು ಭಾವನ ಮುಖ ಓದಲು ಹೆಣಗಿದ. ಓದಲು ಅಲ್ಲೇನಿದೆ? ಎಲೆ ಯಾವುದೆಂದು ಆ ಮುಖಕ್ಕೇ ಗೊತ್ತಿಲ್ಲವಲ್ಲ! ಪಾಪ, ಬೆವರಿ ಆಟ ಬಿಟ್ಟ. ಗೆದ್ದ ಭಾವ ತಮ್ಮ ಎಲೆಗಳನ್ನು ಮಗುಚದೆಯೇ ಹಿಂದಕ್ಕೆ ತಳ್ಳಿದರು.

"ಒಂದ್ಸಲ ತಿರುಗ್ಸಿ ತೋರಿಸ್ಬಾರ್ದಿತ್ತಾ ಭಾವ?"

"ಎದುರಿನವ್ನು ಕೈಬಿಟ್ಟ ಮೇಲೆ ತೋರಿಸ್ಬಾರ್ದು ಕಣೋ. ಮರ್ಯಾದೆ ಅಲ್ಲ."

ನಾನಿರುವ ಶಿಕಾರಿಪುರಕ್ಕೆ ಮರಳಿ, ಪರೀಕ್ಷೆಗೆಂದು ಗಂಟಿಗೆ ಸೂಜಿ ಚುಚ್ಚಿಸಿಕೊಂಡೆ. ಕ್ಯಾನ್ಸರೋ ಅಲ್ಲವೋ, ರಿಪೋರ್ಟು ಹೇಳಬೇಕು. ಅದು ಬಂದಿದೆಯೆಂದು ಲ್ಯಾಬಿನವರು ಮೂರು ಸಲ ಫೋನ್ ಮಾಡಿದರೂ ನನ್ನ ಕಾಲು ಏಳಲಿಲ್ಲ. ಕೊನೆಗೆ ಭಾವ ತಮ್ಮೂರು ಹೊಸಬಾಳೆಯಿಂದ ಬಸ್ಸಿಗೆ ಬಂದು ತಾವೇ ತರಲು ಹೊರಟರು. ನಮ್ಮ ಮನೆಯಿಂದ ಲ್ಯಾಬಿಗೆ ಹತ್ತು ನಿಮಿಷದ ದಾರಿ. ಹನ್ನೆರಡಕ್ಕೆ ಹೋದವರು ಮರಳಿದ್ದು ಎರಡಕ್ಕೆ!

"ಖಾನಾವಳೀಲಿ ಊಟ ಮುಗಿಸ್ಕಂಡ್ ಬಂದೆ" ಎಂದರು. ಇಷ್ಟು ಹತ್ತಿರ ನಮ್ಮ ಮನೆ ಇಟ್ಟುಕೊಂಡು! ನನ್ನ ಹೆಂಡತಿ ಮುಖ ಊದಿಸಿದಳು.

ಅಂಟಿಸಿದ ಕವರನ್ನು ನನ್ನ ಮುಂದಿಟ್ಟರು. "ತೆಗಿ."

"ಹೆದ್ರಿಕೆ ಭಾವ. ಒಳಗೇನಿದ್ಯೋ!"

"ನಂಗೇನ್ ಗೊತ್ತು? ಏನೇ ಇದ್ರೂ ಆಡೋಣ. ನಾ ಇದೀನಲ್ಲ, ತೆಗಿಯೋ."

ಕರಿಕನ್ನಡಕದವನಿಗೂ ಓದಲಾಗದ ಅದೇ ಮುಖ. ಕವರು ಹರಿದೆ. ಬರೀ ನೀರುಗಂಟು! ಹೆಂಡತಿ ಅಳುತ್ತ ನಗುತ್ತ ದೇವರಿಗೆ ದೀಪ ಹಚ್ಚಲು ಓಡಿದಳು. ಭಾವ ಕಿಟಕಿಯತ್ತ ತಿರುಗಿ ಮೂಗೊರೆಸಿಕೊಂಡರು.

ಆಗ ನನ್ನ ಬೆರಳಿಗೇನೋ ಅಂಟಿತು. ಕವರಿನ ಅಂಚಿನಲ್ಲಿ ಒತ್ತಿ ಮೆತ್ತಿದ ಎರಡು ಅನ್ನದ ಅಗುಳು. ಇನ್ನೂ ಹಸಿ.

ಕವರನ್ನು ಮಗುಚಿಟ್ಟು ಅದರ ಮೇಲೆ ಅಂಗೈ ಊರಿದೆ.

"ಏನೋ ಅದು ಕೈಯಡಿ?" ಎಂದರು ಭಾವ.

"ಏನಿಲ್ಲ ಭಾವ. ನಾನೂ ನೋಡಿಲ್ಲ."