ದಾಲಿಯಾಳ ಕತ್ತಿನ ಕೊಳೆ

ಶಾಲೆಯ ನರ್ಸ್ ಫೋನ್ ಮಾಡಿ, "ನಿಮ್ಮ ಮಗಳ ಕತ್ತಿನ ವಿಷಯ ಸ್ವಲ್ಪ ಮಾತಾಡಬೇಕಿತ್ತು, ಶುಕ್ರವಾರ ಬರ್ತೀರಾ?" ಎಂದಳು. ಅಷ್ಟೇ. ಮುಂದಿನದನ್ನು ತೆಂಚಾ ಕೇಳಿಸಿಕೊಳ್ಳಲೇ ಇಲ್ಲ. ಫೋನನ್ನು ಮೇಜಿನ ಮೇಲೆ ಕುಕ್ಕಿ, "ಯುದ್ಧಕ್ಕೇ ಕರೀತಿದ್ದಾರೆ, ಹೋಗೋಣ!" ಎಂದಳು.

ಅಲ್ಲಾ, ಯಾರಿಗೆ ಎಂಥ ಮಾತು ಹೇಳುವುದು! ಸೇತುವೆ ದಾಟಿದರೆ ಬೇರೆ ದೇಶ ಎನ್ನುವಂಥ ಗಡಿಯೂರು ಲರೇಡೊದ ಆ ಬೀದಿಯಲ್ಲಿ ತೆಂಚಾಳಷ್ಟು ಚೊಕ್ಕಟದ ಹೆಂಗಸು ಇನ್ನೊಬ್ಬಳಿರಲಿಲ್ಲ. ತನ್ನ ಅಂಗಳ ಗುಡಿಸಿ, ಎದುರಿನ ಬೀದಿ ಗುಡಿಸಿ, ಪಕ್ಕದ ಮನೆಯವರ ಅಂಗಳವನ್ನೂ ಗುಡಿಸಿದ ಮೇಲೆಯೇ (ಅವರಿಗೆ ನಾಚಿಕೆಯಾಗಲಿ ಎಂದು) ಆಕೆ ಕಾಫಿ ಕುಡಿಯುವುದು. ಕಸದ ಡಬ್ಬವನ್ನು ಸೋಪು ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಗಂಡ ಚೆಮಾ ಗ್ಯಾರೇಜ್ ಕೆಲಸ ಮುಗಿಸಿ ಬಂದರೆ, ಹಿತ್ತಲಿನಲ್ಲಿ ಪೈಪಿನ ನೀರಿನ ಅಭಿಷೇಕ ಮುಗಿಯುವ ತನಕ ಬಡಪಾಯಿಗೆ ಗೃಹಪ್ರವೇಶದ ಯೋಗವಿರಲಿಲ್ಲ. ಇಂಥ ಮಹಾರಾಣಿಯ ಒಬ್ಬಳೇ ಮಗಳು, ಆರನೇ ಕ್ಲಾಸಿನ ದಾಲಿಯಾ. ಅವಳ ಕತ್ತಿನ ಹಿಂದೆ ಕಪ್ಪು ಪಟ್ಟಿ!

ನಿಜ ಹೇಳಬೇಕೆಂದರೆ ಆ ಪಟ್ಟಿ ತೆಂಚಾಳ ಕಣ್ಣಿಗೆ ಬಿದ್ದು ಬಹಳ ದಿನವಾಗಿತ್ತು. ಲಿಂಬೆಹಣ್ಣು, ಅಡುಗೆ ಸೋಡಾ, ಒಣಗಿದ ಹೀರೆಕಾಯಿಯ ನಾರು ಎಲ್ಲವೂ ಆಗಲೇ ರಣರಂಗಕ್ಕೆ ಇಳಿದಿದ್ದವು. ಈಗ ಫೋನ್ ಬಂದ ಮೇಲಂತೂ ದಿನಕ್ಕೆರಡು ಬಾರಿ ದಂಡಯಾತ್ರೆ.

"ಅಮ್ಮಾ, ಉರೀತಿದೆ! ಬಿಡಮ್ಮಾ!"

"ಉರೀಲಿ. ಸ್ನಾನಕ್ಕೆ ಅಂತ ಒಳಗೆ ಹೋಗಿ ಮಾಡೋದೇನು ನೀನು? ನೀರಿಗೆ ಕೈಮುಗಿದು ಬರ್ತೀಯಾ?"

"ನಾನೂ ಉಜ್ಜಿದೀನಮ್ಮಾ. ಅದು ಹೋಗಲ್ಲ."

"ಹೋಗಲ್ಲ ಅಂದ್ರೆ? ಈ ಕೈಲಿ ಬಾಣಲೆ ಮಸೀನೇ ಹೋಗಿದೆ. ಇದ್ಯಾವ ಸೀಮೆ ಕೊಳೆ!"

ಬಾಗಿಲಾಚೆಯಿಂದ ಚೆಮಾ ಮೆಲ್ಲಗೆ, "ಸಾಕು ಬಿಡೇ ತೆಂಚಾ, ಮಗು ಚರ್ಮ ಕಿತ್ತು ಬರುತ್ತೆ" ಎಂದ.

"ನೀನು ಸುಮ್ನಿರು. ಇದು ನಿಮ್ಮ ಕಡೆಯಿಂದಲೇ ಬಂದಿರೋದು. ನಿನ್ನ ಅಕ್ಕಂದಿರ ಅಡುಗೆಮನೆ ನಾನು ನೋಡಿಲ್ವಾ?"

ಚೆಮಾ ಸುಮ್ಮನಾದ. ಮದುವೆಯಾದಂದಿನಿಂದ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದೊಂದೇ.

ಪಾಪ, ದಾಲಿಯಾಳ ಕಷ್ಟ ಬೇರೆಯೇ ಇತ್ತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿ, "ನಿಮ್ಮನೇಲಿ ಸೋಪು ತರಲ್ವಾ?" ಎಂದು ಕೇಳಿದ ದಿನದಿಂದ, ಲರೇಡೊದ ಆ ಉರಿಬಿಸಿಲಿನಲ್ಲೂ ಅವಳು ಟೋಪಿಯ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಆಟಕ್ಕೆ ಕರೆದರೆ ಹೊಟ್ಟೆನೋವು ಎನ್ನುತ್ತಿದ್ದಳು. ಇದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಅಮ್ಮ ಆ ಹುಡುಗಿಯ ಮನೆಗೇ ಹೋಗಿ ಅವರ ಅಂಗಳ ಗುಡಿಸಿ ಬರುತ್ತಿದ್ದಳು.

ಶುಕ್ರವಾರ ತೆಂಚಾ ಮಗಳಿಗೆ ಭಾನುವಾರ ಚರ್ಚಿಗೆ ಹಾಕುವ ಬಿಳಿ ಉಡುಪು ತೊಡಿಸಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಎರಡು ಜಡೆ ಎಳೆದು ಕಟ್ಟಿದಳು. ಕತ್ತು ಕೆಂಪಗೆ ಕಂದಿಹೋಗಿತ್ತು, ಪಟ್ಟಿ ಮಾತ್ರ ಜಗ್ಗಿರಲಿಲ್ಲ. ಚೆಮಾನನ್ನು ಹೊರಗೆ ಗಾಡಿಯಲ್ಲೇ ಕೂರಿಸಿ (ಇಂಥ ಕಡೆ ಅವನು ಎದುರು ಪಕ್ಷದವರಿಗೂ ತಲೆಯಾಡಿಸುವ ಪ್ರಾಣಿ), ಮಗಳ ಕೈ ಹಿಡಿದು ನರ್ಸಿನ ಕೋಣೆಗೆ ನುಗ್ಗಿದಳು.

"ನೋಡು ತಾಯಿ, ನನ್ನ ಮಗಳು ದಿನಕ್ಕೆರಡು ಸಲ ಸ್ನಾನ ಮಾಡ್ತಾಳೆ. ಬೇಕಾದ್ರೆ ಮೂಸಿ ನೋಡು!"

ನರ್ಸ್ ಸುಲೇಮಾ ಮೂಸಲಿಲ್ಲ. ದಾಲಿಯಾಳ ಕತ್ತನ್ನು ಮೃದುವಾಗಿ ಮುಟ್ಟಿ, "ಅಯ್ಯೋ, ಎಷ್ಟು ಉಜ್ಜಿದ್ದೀರಮ್ಮಾ! ಇದು ಕೊಳೆಯಲ್ಲ. ಮೈಯಲ್ಲಿ ಸಕ್ಕರೆ ಅರಗಿಸೋ ಕೆಲಸ ಕಷ್ಟ ಆಗ್ತಿದ್ರೆ ಕೆಲವು ಮಕ್ಕಳಿಗೆ ಚರ್ಮ ಹೀಗೆ ಕಪ್ಪಾಗುತ್ತೆ. ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದೆಯಾ?" ಎಂದಳು.

"ನಮ್ಮನೇಲಿ ಸಕ್ಕರೆ ಇರೋದು ಡಬ್ಬಿಯಲ್ಲಿ ಮಾತ್ರ!"

"ಒಳ್ಳೇದು. ಮಗು ಹುಟ್ಟಿದಾಗ ಎಷ್ಟು ತೂಕ ಇತ್ತು?"

ಆಹಾ! ಈ ಪ್ರಶ್ನೆಗಾಗಿ ತೆಂಚಾ ಹನ್ನೊಂದು ವರ್ಷದಿಂದ ಕಾದಿದ್ದಳು. ಕುರ್ಚಿಯನ್ನು ಮುಂದಕ್ಕೆಳೆದು ಕೂತಳು.

"ಹತ್ತೂವರೆ ಪೌಂಡ್! ಆಸ್ಪತ್ರೆಯ ನರ್ಸಮ್ಮಗಳೆಲ್ಲ ಸಾಲಾಗಿ ನೋಡೋಕೆ ಬಂದ್ರು. ತಂದಿಟ್ಟ ಬಟ್ಟೆ ಒಂದೂ ಹಿಡೀಲಿಲ್ಲ. ಪಕ್ಕದ ಹಾಸಿಗೆಯವಳ ಮಗು ಇವಳ ಮುಂದೆ ಗುಬ್ಬಚ್ಚಿ! ನಾನು ಮಾಡಿದ ಸಾರು ಕುಡಿದೇ ಹೀಗೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ..."

"ಬಸುರಿಯಾಗಿದ್ದಾಗ ಡಾಕ್ಟರು ನಿಮಗೆ ಸಕ್ಕರೆ ಬಗ್ಗೆ ಏನಾದ್ರೂ ಹೇಳಿದ್ರಾ?" ಎಂದು ಸುಲೇಮಾ ಮೆತ್ತಗೆ ಕೇಳಿದಳು.

ತೆಂಚಾ ಮುಂದಕ್ಕೆಳೆದಿದ್ದ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಹೇಳಿದ್ದರು. ಸಕ್ಕರೆ ಏರಿದೆ, ಅದಕ್ಕೇ ಮಗು ದೊಡ್ಡದಾಗುತ್ತಿದೆ, ಹೆರಿಗೆಯಾದ ಮೇಲೂ ವರ್ಷವರ್ಷ ರಕ್ತ ತೋರಿಸಿ ಎಂದಿದ್ದರು. ತೆಂಚಾ ಚೆಮಾನಿಗೂ ಹೇಳಿರಲಿಲ್ಲ, ಒಮ್ಮೆಯೂ ಹೋಗಿ ತೋರಿಸಿರಲಿಲ್ಲ. ಅರ್ಧ ಸೂಜಿಯ ಭಯ, ಇನ್ನರ್ಧ ಸೂಜಿ ಏನು ಹೇಳೀತೋ ಎಂಬ ಭಯ. ಬೀದಿಗೆಲ್ಲ ಸಾರಿದ್ದ ಹೆಮ್ಮೆ ಈಗ ತನ್ನ ಮೇಲೇ ಸಾಕ್ಷಿ ಹೇಳುತ್ತಿತ್ತು.

"ಹಾಗಾದ್ರೆ..." ಎಂದಳು ತೆಂಚಾ. "ಇದು ನನ್ನಿಂದಲೇ ಬಂತಾ? ಹೊಟ್ಟೇಲಿದ್ದಾಗಲೇ?"

"ನಿಮ್ಮ ತಪ್ಪು ಅಂತಲ್ಲಮ್ಮಾ. ಅಪ್ಪ ಅಮ್ಮನಿಗಿದ್ರೆ ಮಕ್ಕಳಿಗೆ ಬರೋ ಸಂಭವ ಜಾಸ್ತಿ, ಅಷ್ಟೇ. ಬರಲೇಬೇಕು ಅಂತೇನಿಲ್ಲ. ಬೇಗ ಗೊತ್ತಾದ್ರೆ ತಡೀಬಹುದು."

ತೆಂಚಾ ಅಳಲು ಶುರುಮಾಡಿದಳು. ಆದರೆ ದಾಲಿಯಾಳ ಮುಖ ಮಾತ್ರ ಅರಳಿತ್ತು!

"ಅಂದ್ರೆ ನಾನು ಕೊಳಕಿ ಅಲ್ವಾ?"

"ಅಲ್ಲವೇ ಅಲ್ಲ ಪುಟ್ಟಿ" ಎಂದಳು ಸುಲೇಮಾ.

"ನೋಡಮ್ಮಾ! ಮತ್ತೆ ನನ್ನನ್ಯಾಕೆ ಬಾಣಲೆ ಥರ ತಿಕ್ಕಿದೆ? ಅಲ್ಲ, ಕೊಡೋದೇ ಆಗಿದ್ರೆ ನಿನ್ನ ಉದ್ದ ಕೂದಲು ಕೊಡಬಾರದಿತ್ತಾ? ಇದನ್ನೇ ಹುಡುಕಿ ಕೊಟ್ಯಾ?"

ತೆಂಚಾ ಅಳುತ್ತಲೇ ನಕ್ಕಳು. ಮಗಳನ್ನು ಎಳೆದು ಅಪ್ಪಿ ಆ ಕೆಂಪು ಕತ್ತಿಗೆ ಮುತ್ತಿಟ್ಟಳು. "ತಪ್ಪಾಯ್ತು ಕಣೇ ನನ್ನ ಬಂಗಾರ" ಎಂದಳು. ಆಕೆ ಹುಟ್ಟಿದಾರಭ್ಯ ಯಾರಿಗೂ ಹಾಗೆಂದವಳಲ್ಲ.

ಸುಲೇಮಾ ಪುಟ್ಟ ಯಂತ್ರವೊಂದನ್ನು ತೆಗೆದಳು. "ಬೆರಳಿಂದ ಒಂದೇ ಹನಿ ರಕ್ತ. ಆಮೇಲೆ ಡಾಕ್ಟರ ಹತ್ರ ಸರಿಯಾಗಿ ಪರೀಕ್ಷೆ ಮಾಡಿಸಿ."

ದಾಲಿಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. "ನಾನೊಲ್ಲೆ. ಡಾಕ್ಟರ ಹತ್ರಾನೂ ಬರಲ್ಲ. ಸಾಯಿಸಿದ್ರೂ ಬರಲ್ಲ."

"ಇರುವೆ ಕಚ್ಚಿದಂಗೆ ಅಷ್ಟೇ ಕಣೇ."

"ಹಾಗಾದ್ರೆ ಮೊದಲು ನೀನು ಚುಚ್ಚಿಸ್ಕೋ."

ತೆಂಚಾ ಮಗಳ ಮುಖ ನೋಡಿದಳು. ತಾನು ಇಷ್ಟು ವರ್ಷ ತಪ್ಪಿಸಿಕೊಂಡು ಓಡಾಡಿದ್ದನ್ನೇ ಈ ಹುಡುಗಿಯೂ ಕಲಿತು ಕೂತರೆ? ಅಂಗಿಯ ತೋಳು ಮೇಲಕ್ಕೆ ಮಡಚಿ, ಯುದ್ಧಕ್ಕೆ ಬಂದ ಗತ್ತಿನಲ್ಲೇ ಬೆರಳು ಮುಂದೆ ಚಾಚಿದಳು. "ಚುಚ್ಚು ತಾಯಿ. ಮೇಕೆ ಕೊಯ್ದು ಸುಲಿದ ಕೈ ಇದು. ನೋಡು ದಾಲಿಯಾ, ನಿಮ್ಮಮ್ಮ ಕಣ್ಣು ಕೂಡ ಮಿಟುಕಿಸ..."

ಟಿಕ್ ಎಂದಿತು.

ಆಮೇಲೆ ಬಂದ ಕೂಗನ್ನು ವರ್ಣಿಸಲು ನನ್ನಿಂದಾಗದು. ಪಕ್ಕದ ಕ್ಲಾಸಿನ ಪಾಠ ನಿಂತಿತು. ಹೆಡ್‌ಮಾಸ್ಟರು ವೈರ್‌ಲೆಸ್ ಹಿಡಿದು ಓಡಿಬಂದರು. ಗಾಡಿಯಲ್ಲಿ ಕೂತಿದ್ದ ಚೆಮಾ ಚಕ್ರ ಬಿಚ್ಚುವ ಕಬ್ಬಿಣದ ಸಲಾಕೆ ಹಿಡಿದು, "ಯಾರು? ಯಾರು ಮುಟ್ಟಿದ್ದು ನನ್ನ ಹೆಂಡ್ತೀನ?" ಎಂದು ಬಾಗಿಲಲ್ಲಿ ನಿಂತ. ದಾಲಿಯಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುನಗುತ್ತಲೇ ಬೆರಳು ಚಾಚಿದಳು. ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಸುಲೇಮಾ ಎರಡೂ ಅಂಕಿ ನೋಡಿ ಗಡಿಯೂರಿನವರ ಭಾಷೆಯಲ್ಲೇ ಹೇಳಿದಳು: "ಮಗಳು ಇನ್ನೂ ಸೇತುವೆ ಮೇಲಿದ್ದಾಳೆ, ವಾಪಸ್ ಕರ್ಕೊಂಡು ಬರಬಹುದು. ನೀವು ಮಾತ್ರ ಯಾವಾಗಲೋ ಗಡಿ ದಾಟಿ ಆಚೆ ಮನೆ ಮಾಡಿದ್ದೀರಿ ಅನ್ಸುತ್ತೆ. ನಾಳೆಯೇ ಡಾಕ್ಟರಿಗೆ ತೋರಿಸಿ."

ತೋರಿಸಿದರು. ತೆಂಚಾಳಿಗೆ ಮಾತ್ರೆ ಬಂತು. ದಾಲಿಯಾಳಿಗೆ ಮಾತ್ರೆ ಬೇಡ, ಓಡಾಟ ಬೇಕು, ದಿನಾ ಕುಡಿಯುವ ಸಿಹಿ ಸೋಡಾ ಬಾಟಲಿ ಬಿಡಬೇಕು ಎಂದರು. ಚೆಮಾ ಎಲ್ಲ ಕೇಳಿಸಿಕೊಂಡು, "ನನಗೂ ಹೇಳಬಾರದಿತ್ತಾ ತೆಂಚಾ?" ಎಂದಷ್ಟೇ ಕೇಳಿ ಅವಳ ಕೈ ಹಿಡಿದು ಕೂತ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ (ಅದರಲ್ಲಿ ಗ್ರೀಸಿನ ವಾಸನೆಯಿದ್ದರೂ).

ಸೋಮವಾರ ಸಂಜೆ ತೆಂಚಾ ಬಾಗಿಲಲ್ಲೇ ನಿಂತಿದ್ದಳು. ದಾಲಿಯಾ ಬಂದಳು. ಸ್ವೆಟರ್ ಇರಲಿಲ್ಲ, ಕೂದಲು ಎತ್ತಿ ಕಟ್ಟಿತ್ತು. ಮೈಯೆಲ್ಲ ಆಟದ ಮೈದಾನದ ಧೂಳು.

"ಇವತ್ತು ಯಾರಾದ್ರೂ ಕತ್ತಿನ ಬಗ್ಗೆ ಏನಾದ್ರೂ ಅಂದ್ರೇನೇ?"

"ಕತ್ತಾ? ಅದು ಯಾರಿಗೆ ಬೇಕಮ್ಮಾ! ಇಡೀ ಶಾಲೇಲಿ ಒಂದೇ ಮಾತು, ಶುಕ್ರವಾರ ಹಾಗೆ ಕಿರುಚಿದ್ದು ಯಾರು ಅಂತ. ಕೆಲವರು ಕೊಲೆ ಅಂದ್ರು, ಕೆಲವರು ದೆವ್ವ ಅಂದ್ರು. ಎಲ್ಲರೂ ಹಾಗೇ ಕೂಗೋಕೆ ನೋಡ್ತಿದ್ರು, ಒಬ್ಬರಿಗೂ ಬರ್ಲಿಲ್ಲ."

ತೆಂಚಾಳ ಮುಖ ಕೆಂಪಾಯಿತು. ಇಷ್ಟು ವರ್ಷ ಗುಡಿಸಿ ತೊಳೆದು ಕಟ್ಟಿದ್ದ ಮಾನ ಒಂದೇ ಕೂಗಿಗೆ ಹೋಗಿತ್ತು. "ನೀನು ಹೇಳಲಿಲ್ಲ ತಾನೇ, ಯಾರು ಅಂತ?"

"ಹೇಳದೆ? ಬೆಂಚು ಹತ್ತಿ ನಿಂತು ಹೇಳಿದೆ," ಎಂದಳು ದಾಲಿಯಾ. "ನಮ್ಮಮ್ಮ ಅಂತ."