ವಿಭೂತಿಯ ಕೆಳಗಿನ ಅಂಕಿ

ಉಜ್ಜಿನಮ್ಮ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಕಾರಿನ ಟೈರನ್ನು ಓದಲು ಹೋಗಿದ್ದೇ ಅಂದಿನ ರಗಳೆಗೆಲ್ಲ ಮೂಲ.

ಲೈಸೆನ್ಸ್ ಬಂದು ತಿಂಗಳಾಗಿತ್ತು. ಸಂಜೆ ಬೆಳುಗುಪ್ಪದಲ್ಲಿ ತಂಗಿಯ ಮಗಳು ಶ್ರಾವಣಿಯ ಹುಟ್ಟುಹಬ್ಬ. ರಾಯದುರ್ಗದಿಂದ ತಾನೇ ಕಾರು ಓಡಿಸಿಕೊಂಡು ಹೋಗಿ ಇಳಿಯಬೇಕು, ತಂಗಿ ಬಾಗಿಲಲ್ಲೇ ಬಾಯಿ ಬಿಟ್ಟು ನಿಲ್ಲಬೇಕು. ಅಷ್ಟೇ ಅವಳ ಆಸೆ.

"ಟೈರು ಯಾವಾಗ ಹುಟ್ಟೈತಿ ಅಂತ ಅದರ ಮೈಮ್ಯಾಗೇ ಬರದಿರ್ತಾರಂತ್ರಿ. ನಾಲ್ಕು ಅಂಕಿ. ಮೊದಲಿನ ಎರಡು ವಾರ, ಆಮ್ಯಾಲಿನ ಎರಡು ವರ್ಷ," ಎಂದಳು ಗಂಡನಿಗೆ. ಇಪ್ಪತ್ತಮೂರು ಕಂಡಿತು, ಆಮೇಲೆ ಒಂದು. ಕೊನೆಯ ಅಂಕಿಯ ಮೇಲೆ ಮಾತ್ರ ಆಯುಧಪೂಜೆಯ ವಿಭೂತಿಪಟ್ಟೆ ಅಂಟಿಕೊಂಡು ಕೂತಿತ್ತು.

"ಹತ್ತೊಂಬತ್ತು ಇರ್ತೈತಿ ಬಿಡು. ವಿಭೂತಿ ಒರಸಬ್ಯಾಡ," ಎಂದ ಯರ್ರಿಸ್ವಾಮಿ.

ಪಕ್ಕದ ಮನೆಯ ಬೋರಪ್ಪ ಹಲ್ಲುಜ್ಜುತ್ತಲೇ ಬಂದ. "ಇಲ್ನೋಡ್ರಿ ಅಕ್ಕಾ, ಎಂಬತ್ತು ಅಂತೈತಿ. ಅದಕ್ಕಿಂತ ಜೋರು ಹೋಗಬಾರದು ಅಂತ ಅರ್ಥ. ಪಕ್ಕದಾಗಿನ ಇಂಗ್ಲಿಷ್ ಅಕ್ಷರ ಆರ್ ಅಂದ್ರ ರಾಯದುರ್ಗ."

"ಹಂಗಾರ ಬಳ್ಳಾರಿಯಾಗ ಓಡೋ ಟೈರಿಗೆ ಏನಂತ ಬರೀತಾರ?"

ಬೋರಪ್ಪ ಪೇಸ್ಟಿನ ನೊರೆ ನುಂಗಿಕೊಂಡ.

'ಶಿವನೇ, ತಪ್ಪು ತಿಳೀಬ್ಯಾಡಪ್ಪ' ಎಂದುಕೊಂಡು ಉಜ್ಜಿನಮ್ಮ ಸೆರಗಿನ ತುದಿಯಿಂದ ಒಂದು ಬೆರಳಗಲ ಒರೆಸಿಯೇಬಿಟ್ಟಳು. ಹನ್ನೊಂದು! ರಬ್ಬರು ನೋಡಿದರೆ ಬೇಸಿಗೆಯ ಹಿಮ್ಮಡಿಯಂತೆ ಬಿರಿದಿತ್ತು.

"ನಮ್ಮ ಮಗಳಿಗಿಂತ ದೊಡ್ಡದೈತ್ರಿ ಇದು!"

ಯರ್ರಿಸ್ವಾಮಿ ಕಾರು ತೆಗೆದುಕೊಂಡು ಹೋದ. ಹಳೆಯವನ್ನು ಟೈರಿನ ಅಂಗಡಿಗೇ ಕೊಟ್ಟು, ಮಧ್ಯಾಹ್ನದೊಳಗೆ ನಾಲ್ಕೂ ಹೊಸ ಟೈರು ಹಾಕಿಸಿಕೊಂಡು ಬಂದ.

ಉಜ್ಜಿನಮ್ಮ ರೇಷ್ಮೆ ಸೀರೆ ಉಟ್ಟು, ಕೀಲಿಕೈ ಆಡಿಸುತ್ತ ಹೊರಗೆ ಬಂದರೆ, ಪ್ರತಿ ಚಕ್ರದ ಮುಂದೂ ಒಂದೊಂದು ನಿಂಬೆಹಣ್ಣು! ಕಟ್ಟೆಯ ಮೇಲೆ ಅತ್ತೆ ಕದರಮ್ಮ.

"ಇವತ್ತು ಮಂಗಳವಾರ. ಹೊಸಾ ಗಾಲಿ ಉರುಳಂಗಿಲ್ಲ. ನಾಳೆ ನಿಂಬಿಹಣ್ಣು ತುಳಿಸಿ ಎಲ್ಲಿಗರ ಹೋಗು."

"ಹುಟ್ಟುಹಬ್ಬ ಇವತ್ತೈತಲ್ಲ ಅತ್ತಿ!"

"ಟೈರು ಬದಲಿಸಾಕ ಆತು, ವಾರ ಬದಲಿಸಾಕ ನನ್ನ ಕೈಲಿ ಆಗಂಗಿಲ್ಲ," ಎಂದ ಯರ್ರಿಸ್ವಾಮಿ ಮೆಲ್ಲಗೆ.

ಉಬ್ಬಿದ ಗಲ್ಲ ಹೊತ್ತುಕೊಂಡೇ ಉಜ್ಜಿನಮ್ಮ ಬಸ್ ಸ್ಟ್ಯಾಂಡಿಗೆ ನಡೆದಳು. ಬೆಳುಗುಪ್ಪದ ಕೊನೆಯ ಬಸ್ಸು ಹೋಗಿಯಾಗಿತ್ತು; ಇದ್ದ ಒಂದೇ ಷೇರ್ ಕಾರು ಆಗಲೇ ಹೆಂಗಸರಿಂದ ತುಂಬಿತ್ತು.

"ಬರ್ರಿ ಅಮ್ಮಾ, ಇನ್ನೊಂದೇ ಸೀಟು!" ಡ್ರೈವರ್ ಕೂಗಿದ. "ಧೈರ್ಯವಾಗಿ ಕೂಡ್ರಿ. ಈಗಿನ್ನೂ ನಾಲ್ಕೂ ಟೈರು ಬದಲಿಸೀನಿ. ಅದೂ ಪೂಜಿ ಆದ ಟೈರು!"

ಒಂದು ಕಾಲು ಒಳಗಿಟ್ಟವಳು ಕೆಳಗೆ ನೋಡಿದಳು. ಚಕ್ರದ ಮೇಲೆ ವಿಭೂತಿ. ನಡುವೆ ಬೆರಳಗಲ ಒರೆಸಿದ ಗುರುತು. ಅಲ್ಲಿ ಹೊಳೆಯುತ್ತಿತ್ತು, ಹನ್ನೊಂದು.

"ಎಲ್ಲಾರೂ ಇಳೀರಿ!"

ಇಳಿದ ಹೆಂಗಸರೆಲ್ಲ ಅವಳ ಸುತ್ತ ಕೂತು, ಒಬ್ಬರ ಭುಜದ ಮೇಲೊಬ್ಬರು ಬಗ್ಗಿ ಟೈರು ಓದತೊಡಗಿದರು. ಡ್ರೈವರ್ ತಲೆಯ ಮೇಲೆ ಕೈಹೊತ್ತ. ಉಜ್ಜಿನಮ್ಮ ಗಂಡನಿಗೆ ಫೋನ್ ಮಾಡಿದಳು.

"ಅತ್ತಿ ಮಲಗ್ಯಾರೇನ್ರಿ?"

"ಎಲ್ಲೀದು! ನಿಂಬಿಹಣ್ಣಿನ ಮುಂದ ಕುರ್ಚಿ ಹಾಕ್ಕೊಂಡು ಕೂತಾಳ."

ಉಜ್ಜಿನಮ್ಮನಿಗೆ ನಗು ತಡೆಯಲಾಗಲಿಲ್ಲ. ತಂಗಿಯ ನಂಬರು ಒತ್ತಿದಳು.

"ಒಂದು ತುಂಡು ಕೇಕು ಎತ್ತಿಡವ್ವಾ. ನಾಳೆ ಮುಂಜಾನಿ ನಿಮ್ಮ ಬಾಗಿಲಿಗೆ ಹಾರ್ನ್ ಹೊಡಿತೀನಿ."